ಸಕ್ಕರೆ ಬಿಟ್ಟ ಎಂಟು ತಿಂಗಳು

ನನ್ನ ಅಕ್ಕನ ಗಂಡನಿಂದ ಊರವರ ಎದುರು ಗ್ಲಾಸಿಗೆ ಉಗುಳಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ನೆಂಟರಲ್ಲಿ ಕೆಲವರು ಈ ಕತೆಯನ್ನು ಅಲ್ಲಿಂದ ಶುರು ಮಾಡಿ ಅಲ್ಲಿಗೇ ಮುಗಿಸುತ್ತಾರೆ. ಅದಕ್ಕಿಂತ ಹಿಂದಿನ ಎಂಟು ತಿಂಗಳು ನಮ್ಮ ಮನೆಯಲ್ಲಿ ಏನು ನಡೆಯಿತು ಎಂದು ಅವರು ಯಾರೂ ಕೇಳಿದವರಲ್ಲ.

ಮಂಗಲ್ಪಾಡಿಯಲ್ಲಿ ನಮ್ಮದು ಸಣ್ಣ ಹಂಚಿನ ಮನೆ. ಅಪ್ಪ ಬೇಗ ತೀರಿಕೊಂಡಿದ್ದರು. ಅಕ್ಕನಿಗೆ ಮದುವೆಯಾಗಿತ್ತು. ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಅಮ್ಮ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಗಂಜಿ ಬೇಯಿಸುತ್ತಿದ್ದರು. ಶಾಲೆಯ ಹಿಂದೆ ತಗಡಿನ ಒಂದು ಶೆಡ್ಡು, ಮೂರು ಕಲ್ಲಿನ ಒಲೆ, ಸಣ್ಣ ಮಗು ಒಳಗೆ ಕೂತರೆ ತಲೆ ಮಾತ್ರ ಕಾಣುವಷ್ಟು ದೊಡ್ಡ ಅಲ್ಯೂಮಿನಿಯಂ ಹಂಡೆ. ನಮ್ಮ ಪಕ್ಕದ ಮನೆಯ ಹೆಂಗಸು ಅಮ್ಮನಿಗೆ ಜೊತೆ. ಕುದಿಯುವ ಹಂಡೆಯನ್ನು ಇಬ್ಬರೂ ಸೇರಿ ಒಲೆಯಿಂದ ಇಳಿಸುತ್ತಿದ್ದರು. ಕೊನೆಯ ಮಗುವಿನ ತಟ್ಟೆಗೆ ಗಂಜಿ, ಹೆಸರುಕಾಳು ಬೀಳುವವರೆಗೆ ಅಮ್ಮ ಒಂದು ಸೌಟನ್ನೂ ತಾವು ಕುಡಿದವರಲ್ಲ. ಅದು ಯಾರೂ ಹೇರಿದ ನಿಯಮವಲ್ಲ, ಅವರೇ ಮಾಡಿಕೊಂಡದ್ದು.

ತೊಂಬತ್ತೈದರ ಮಳೆಗಾಲದಲ್ಲಿ ಅಮ್ಮನಿಗೆ ಟೈಫಾಯ್ಡ್ ಬಂತು. ಮಾತ್ರೆ ತಿಂದ ಮೇಲೆ ಜ್ವರ ಬಿಟ್ಟಿತು, ಹೊಟ್ಟೆ ಮಾತ್ರ ಸರಿಯಾಗಲಿಲ್ಲ. ಉಬ್ಬರ, ಆಗಾಗ ಭೇದಿ, ನಾಲಗೆಯ ಮೇಲೆ ಬಿಳಿ ಪದರ. ಅದನ್ನು ನೋಡಿದ ಭಾವ, "ಇದು ಯೀಸ್ಟು" ಎಂದರು.

ಭಾವ ಹದಿಮೂರು ವರ್ಷ ಗಲ್ಫಿನಲ್ಲಿ ಒಂದು ಆಸ್ಪತ್ರೆಯ ಔಷಧಿ ಸ್ಟೋರಿನಲ್ಲಿದ್ದು, ಹಿಂದಿನ ವರ್ಷವಷ್ಟೇ ನಮ್ಮ ಹತ್ತಿರದ ಕುಂಜತ್ತೂರಿಗೆ ಬಂದು ನೆಲೆಸಿದ್ದರು. ಬರುವಾಗ ಸಂಗಡ ಇಂಗ್ಲಿಷಿನ ಒಂದಷ್ಟು ಪುಸ್ತಕಗಳನ್ನು ತಂದಿದ್ದರು. ಮನುಷ್ಯನ ಕರುಳಿನಲ್ಲಿ ಯೀಸ್ಟು ಬೆಳೆಯುತ್ತದೆ, ಸಕ್ಕರೆಯೇ ಅದರ ಆಹಾರ, ಸಕ್ಕರೆ ನಿಲ್ಲಿಸಿದರೆ ಅದು ಹಸಿವಿನಿಂದ ಸಾಯುತ್ತದೆ, ತಲೆನೋವು, ತುರಿಕೆ, ಸುಸ್ತು, ಬೇಸರ ಎಲ್ಲಕ್ಕೂ ಮೂಲ ಅದೇ. ಪುಸ್ತಕಗಳ ಸಾರ ಇಷ್ಟು. ಭಾನುವಾರ ಅವರ ಮನೆಯ ಜಗಲಿಯಲ್ಲಿ ಜನ ಕೂತಿರುತ್ತಿದ್ದರು. ಬೆಳಿಗ್ಗೆ ಬಾಯಿ ತೊಳೆಯುವ ಮೊದಲು ಒಂದು ಗ್ಲಾಸು ನೀರಿಗೆ ಉಗುಳಬೇಕು. ಕಾಲು ಗಂಟೆಯಲ್ಲಿ ಉಗುಳಿನಿಂದ ಬಿಳಿ ಎಳೆಗಳು ಕೆಳಕ್ಕೆ ಇಳಿದರೆ ಯೀಸ್ಟು ಉಂಟು ಎಂದು ಲೆಕ್ಕ. ಅವರು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಅವರೂ ಮೂರು ವರ್ಷದಿಂದ ಸಕ್ಕರೆ ಮುಟ್ಟಿರಲಿಲ್ಲ. ಮೋಸಗಾರರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಪ್ರಾಮಾಣಿಕವಾಗಿ ನಂಬಿದವರು.

ಅಮ್ಮನ ಗ್ಲಾಸಿನಲ್ಲೂ ಎಳೆ ಇಳಿಯಿತು. ಭಾವ ಒಂದು ಕಾಗದದಲ್ಲಿ ಬರೆದುಕೊಟ್ಟರು. ಸಕ್ಕರೆ ಇಲ್ಲ, ಬೆಲ್ಲ ಇಲ್ಲ, ಬಾಳೆಹಣ್ಣು, ಮಾವು, ಹಲಸು ಇಲ್ಲ. ಹಿಟ್ಟು ಹುಳಿ ಬರುವ ಇಡ್ಲಿ, ದೋಸೆ, ಬ್ರೆಡ್ಡು ಇಲ್ಲ. ಅನ್ನ ಒಂದು ಹಿಡಿ. ಮೀನು, ಮೊಟ್ಟೆ, ಹಾಗಲಕಾಯಿ, ನುಗ್ಗೆಸೊಪ್ಪು, ಬೆಳ್ಳುಳ್ಳಿ ಆಗಬಹುದು.

ಮೊದಲ ಎರಡು ವಾರ ಅಮ್ಮನಿಗೆ ನಿಜಕ್ಕೂ ಹಗುರವೆನಿಸಿತು. "ಹೊಟ್ಟೆ ಉಬ್ಬುವುದು ಕಮ್ಮಿ ಆಗಿದೆ ಮಗಾ" ಎಂದರು. ಆ ಒಂದು ಮಾತು ನಮ್ಮನ್ನು ಹಾಳು ಮಾಡಿತು. ಅದರ ನಂತರ ಏನು ಕೆಟ್ಟರೂ ಪಥ್ಯ ಸಾಲದು ಎಂದೇ ನಾವು ಅಂದುಕೊಂಡೆವು. ನಾವು ಎನ್ನುವಾಗ ನಾನೂ ಸೇರಿದ್ದೇನೆ. ಬಿ.ಎಸ್ಸಿ., ಬಿ.ಎಡ್. ಮಾಡಿದ ನಾನು, ಮಕ್ಕಳಿಗೆ ಪ್ರಯೋಗ, ಪರಿಶೀಲನೆ ಎಂದು ಬೋರ್ಡಿನಲ್ಲಿ ಬರೆಯುವ ನಾನು, ಒಂದು ದಿನ ಅಮ್ಮನ ಕೈಯಿಂದ ಅರ್ಧ ಸುಲಿದ ಕದಳಿ ಬಾಳೆಹಣ್ಣನ್ನು ಕಿತ್ತುಕೊಂಡಿದ್ದೇನೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು.

ನಾಲ್ಕು ತಿಂಗಳಾಗುವಾಗ ಅಮ್ಮನ ರವಿಕೆಗಳು ಜೋಲತೊಡಗಿದವು. ಸಂಜೆ ಮೈ ಬೆಚ್ಚಗಾಗುತ್ತಿತ್ತು. "ಯೀಸ್ಟು ಸಾಯುವಾಗ ವಿಷ ಬಿಡುತ್ತದೆ, ಆಗ ಹೀಗೆ ಆಗುವುದುಂಟು" ಎಂದರು ಭಾವ. ಪುಸ್ತಕದಲ್ಲಿ ಅದಕ್ಕೂ ಒಂದು ಪುಟವಿತ್ತು.

ಆರನೆಯ ತಿಂಗಳಲ್ಲಿ ಒಂದು ಸಂಜೆ ಭಾವ ಮನೆಗೆ ಬಂದರು. ಪಕ್ಕದ ಮನೆಯ ಹೆಂಗಸೂ ಜಗಲಿಯಲ್ಲಿದ್ದರು. ಭಾವ ಅಮ್ಮನ ನಾಲಗೆ ನೋಡಿದರು, ತೂಕ ಕೇಳಿದರು.

"ಅತ್ತೆ, ನೀವು ಶಾಲೆಯಲ್ಲಿ ಎಂತಾದರೂ ತಿನ್ನುತ್ತೀರಾ?"

"ಇಲ್ಲ."

"ಮಕ್ಕಳ ಗಂಜಿ ಕುಡಿಯುವುದುಂಟಾ? ಒಂದು ತುಂಡು ಬೆಲ್ಲ?"

"ಇಲ್ಲ ಅಂತ ಹೇಳಿದೆನಲ್ಲ."

"ಪಥ್ಯ ಸರಿ ಮಾಡಿದರೆ ನಾಲಗೆ ಹೀಗೆ ಇರಲಿಕ್ಕಿಲ್ಲ ಅತ್ತೆ. ಕದ್ದು ತಿಂದವರದ್ದು ಹೀಗೆ ಇರುವುದು. ನನ್ನ ಹತ್ತಿರ ಮುಚ್ಚಿಟ್ಟು ಎಂತ ಪ್ರಯೋಜನ?"

ಅಮ್ಮ ನನ್ನ ಮುಖ ನೋಡಿದರು. ನಾನು ಮಾತಾಡಲಿಲ್ಲ. ಇನ್ನೂ ಕೆಟ್ಟ ಸಂಗತಿಯೆಂದರೆ, ಒಂದು ಕ್ಷಣ ನನಗೂ ಆ ಸಂಶಯ ಬಂದಿತ್ತು. ಅದು ಅಮ್ಮನಿಗೆ ಗೊತ್ತಾಯಿತು. ಮರುದಿನದಿಂದ ಅವರು ಶಾಲೆಗೆ ಹೋಗುವಾಗ ಕುಡಿಯುವ ನೀರನ್ನೂ ಮನೆಯಿಂದಲೇ ಒಯ್ಯತೊಡಗಿದರು. ಯಾರೂ ಏನೂ ಹೇಳಬಾರದು ಎಂದು.

ಎಂಟನೆಯ ತಿಂಗಳಲ್ಲಿ ಪಕ್ಕದ ಮನೆಯ ಹೆಂಗಸು ದಾರಿಯಲ್ಲಿ ನನ್ನನ್ನು ನಿಲ್ಲಿಸಿದರು. "ಟೀಚರ್, ನಿಮ್ಮ ಅಮ್ಮನ ಕೈಯಲ್ಲಿ ಹಂಡೆ ಇಳಿಸಲಿಕ್ಕೆ ಆಗುವುದಿಲ್ಲ. ನಿನ್ನೆ ಗೋಡೆ ಹಿಡಿದು ಕೂತುಬಿಟ್ಟರು. ನಿಮ್ಮ ಭಾವ ದೊಡ್ಡ ಜನ ಇರಬಹುದು. ನೀವು ಮಂಗಳೂರಿಗೆ ಕರಕೊಂಡು ಹೋಗಿ."

ಮರುದಿನ ಬೆಳಿಗ್ಗೆ ಹೊರಟೆವು. ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಬಿಳಿ ದ್ರವ ಕುಡಿಸಿ ಹೊಟ್ಟೆಯ ಎಕ್ಸ್‌ರೇ ಮಾಡಿದರು. ಕರುಳಿನ ಕ್ಷಯ. ಕರುಳು ಒಂದು ಕಡೆ ಬಿಗಿದು ಸಣ್ಣದಾಗಿತ್ತು. ಅಲ್ಲಿನ ಡಾಕ್ಟರು ನಡುವಯಸ್ಸಿನ ಹೆಂಗಸು. ಭಾವನ ಕಾಗದವನ್ನು ಅವರಿಗೆ ತೋರಿಸಿದೆ. ಎರಡು ಸಲ ಓದಿದರು.

"ಯೀಸ್ಟು ಅಂತ ಇಲ್ಲವಾ ಡಾಕ್ಟ್ರೇ?"

"ಉಂಟು. ಎಲ್ಲರ ಕರುಳಲ್ಲೂ ಸ್ವಲ್ಪ ಉಂಟು. ತುಂಬ ಆ್ಯಂಟಿಬಯೋಟಿಕ್ ತಿಂದರೆ, ಶಕ್ತಿ ಕುಂದಿದರೆ ಹೆಚ್ಚಾಗುವುದೂ ಉಂಟು. ನಾಲಗೆಯಲ್ಲಿ ಇದ್ದದ್ದು ಅದೇ ಆಗಿರಬಹುದು. ಅದಕ್ಕೆ ಮದ್ದು ಉಂಟು, ಕೆಲವು ದಿನದಲ್ಲಿ ಹೋಗುತ್ತದೆ."

"ಸಕ್ಕರೆ ಬಿಟ್ಟರೆ ಕರುಳಿನದ್ದು ಸಾಯುತ್ತದಾ?"

"ಸಾಯುತ್ತದೆ ಅಂತ ಸರಿಯಾಗಿ ತೋರಿಸಿಕೊಟ್ಟವರನ್ನು ನಾನು ಕಂಡಿಲ್ಲ. ತಿಂದ ಸಕ್ಕರೆಯಲ್ಲಿ ಹೆಚ್ಚಿನದು ಕರುಳಿನ ಮೇಲಿನ ಭಾಗದಲ್ಲೇ ರಕ್ತಕ್ಕೆ ಸೇರಿ ಹೋಗುತ್ತದೆ. ಸಿಹಿ, ಹಿಟ್ಟು ಕಮ್ಮಿ ಮಾಡಿದರೆ ಕೆಲವರಿಗೆ ಗ್ಯಾಸು ಕಮ್ಮಿ ಆಗುತ್ತದೆ. ಅದನ್ನು ಗುಣ ಅಂತ ತಿಳಿಯುತ್ತಾರೆ. ಆರೋಗ್ಯ ಇರುವವರು ಸಕ್ಕರೆ ಬಿಟ್ಟರೆ ನಷ್ಟ ಎಂತದೂ ಇಲ್ಲ. ಆದರೆ ದಿನಾ ಕರಗುತ್ತಾ ಇರುವವರ ಊಟ ಕಮ್ಮಿ ಮಾಡುವುದಾ?" ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟರು. "ನೀವು ಟೀಚರ್ ಅಂತ ಹೇಳಿದಿರಿ."

ನಾನು ಆ ಕಾಗದವನ್ನು ಚೀಲದ ತಳಕ್ಕೆ ತುರುಕಿದೆ.

ಕರುಳಿನ ಬಿಗಿದ ಭಾಗವನ್ನು ಕತ್ತರಿಸಿ ಜೋಡಿಸಿದರು. ತಿಂಗಳುಗಟ್ಟಲೆ ಮಾತ್ರೆ. ಅಮ್ಮ ಬದುಕಿದರು. ಆದರೆ ಭಾರ ಎತ್ತಬಾರದು ಎಂದರು ಡಾಕ್ಟರು. ಶಾಲೆಯವರು ಕೆಲವು ವಾರ ಕಾದು ಬೇರೆಯವರನ್ನು ಇಟ್ಟುಕೊಂಡರು. ಮಧ್ಯಾಹ್ನದ ಗಂಟೆ ಬಾರಿಸಿದಾಗ ಅಮ್ಮ ಮನೆಯ ಜಗಲಿಯಲ್ಲಿ ಕೂತು ಆ ಕಡೆಗೆ ಕಿವಿಗೊಡುತ್ತಿದ್ದರು.

ಆಪರೇಷನ್ ಆದ ನಂತರ ಭಾವ ಆಸ್ಪತ್ರೆಗೆ ಬಂದಿದ್ದರು. ತಪ್ಪಾಯಿತು ಎಂಬ ಒಂದು ಮಾತಿಗಾಗಿ ನಾನು ಕಾದೆ. ಅವರು ಕಾರಿಡಾರಿನಲ್ಲಿ ನಿಂತು ಅಕ್ಕನಿಗೆ ಹೇಳಿದ್ದು ಬೇರೆಯೇ. "ಪಥ್ಯ ಇಲ್ಲದೆ ಇದ್ದಿದ್ದರೆ ಇನ್ನೂ ಕಷ್ಟ ಇತ್ತು. ಅತ್ತೆ ಮಧ್ಯದಲ್ಲಿ ಸ್ವಲ್ಪ ತಪ್ಪಿಸಿದರು, ಅದೇ ಎಡವಟ್ಟಾಯಿತು."

ನಾನು ಕಂಬದ ಆಚೆ ನಿಂತಿದ್ದೆ. ಇವರನ್ನು ಬಿಡಬಾರದು ಎಂದು ನಿಶ್ಚಯಿಸಿದ್ದು ಅಲ್ಲಿ. ಸಿಟ್ಟಿನಲ್ಲಿ ಕೂಗಿ ಪ್ರಯೋಜನವಿಲ್ಲ, ಕೂಗಿದರೆ ಸಣ್ಣವಳ ಅಹಂಕಾರ ಎನ್ನುತ್ತಾರೆ. ಅವರು ಅಮ್ಮನಿಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡಬೇಕಿತ್ತು. ಜನರ ಎದುರು, ಮೆಲ್ಲನೆ, ಒಳ್ಳೆಯ ಮಾತಿನಲ್ಲಿ.

ನಾನು ಮೂರು ತಿಂಗಳು ತಯಾರಿ ಮಾಡಿದೆ. ಬೆಳಿಗ್ಗೆ ಎದ್ದು ನನ್ನ ಉಗುಳನ್ನು ಗ್ಲಾಸಿಗೆ ಹಾಕಿ ನೋಡಿದೆ, ಎಳೆ ಇಳಿಯಿತು. ಶಾಲೆಯ ಸ್ಟಾಫ್ ರೂಮಿನಲ್ಲಿ ಮಾಷ್ಟ್ರುಗಳಿಗೆ, ಟೀಚರುಗಳಿಗೆ ಹೇಳಿ ಮಾಡಿಸಿದೆ. ಒಬ್ಬರನ್ನು ಬಿಟ್ಟು ಎಲ್ಲರ ಗ್ಲಾಸಿನಲ್ಲೂ ಎಳೆ. ಬಾಯಿಯ ಲೋಳೆ ನೀರಿಗಿಂತ ಮಂದ, ಅದು ನೂಲಿನ ಹಾಗೆ ಇಳಿಯುವುದು ಸಹಜ. ಬೆಳಿಗ್ಗೆ, ಹಗಲು, ಊಟದ ಮೊದಲು, ಊಟದ ನಂತರ ಎಲ್ಲ ಪರೀಕ್ಷಿಸಿದೆ. ಈ ಕೆಲಸವನ್ನು ಪಥ್ಯ ಶುರುವಾದ ದಿನವೇ ಮಾಡಬಹುದಿತ್ತು ಎಂಬ ಯೋಚನೆ ಬಂದಾಗೆಲ್ಲ ಭಾವನ ಮೇಲಿನ ಹಗೆ ಇನ್ನಷ್ಟು ಗಟ್ಟಿಯಾಗುತ್ತಿತ್ತು. ನನ್ನ ಪಾಲಿನದನ್ನೂ ಅವರ ತಲೆಗೇ ಕಟ್ಟುತ್ತಿದ್ದೆ ಎಂದು ಈಗ ತಿಳಿಯುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಊರಿನ ವಾಚನಾಲಯದಲ್ಲಿ ಭಾವನ ಭಾಷಣ ಇತ್ತು. ಐವತ್ತು ಅರುವತ್ತು ಜನ ಸೇರಿದ್ದರು. ಅಕ್ಕ ಮುಂದಿನ ಬೆಂಚಿನಲ್ಲಿದ್ದಳು. ನಾನು ಶಾಲೆಯ ಲ್ಯಾಬಿನಿಂದ ಆರು ಗಾಜಿನ ಬೀಕರುಗಳನ್ನು ಚೀಲದಲ್ಲಿ ತಂದಿದ್ದೆ. ಭಾಷಣ ಮುಗಿದು ಪ್ರಶ್ನೆ ಕೇಳಬಹುದು ಎಂದಾಗ ಎದ್ದು ನಿಂತೆ.

"ಭಾವ, ಆ ಪರೀಕ್ಷೆಯನ್ನು ಎಲ್ಲರಿಗೂ ಒಮ್ಮೆ ತೋರಿಸಬಹುದಾ? ಗ್ಲಾಸು ನಾನು ತಂದಿದ್ದೇನೆ."

ಅವರಿಗೆ ಖುಷಿಯಾಯಿತು. "ಬೆಳಿಗ್ಗೆ ಎದ್ದ ಕೂಡಲೇ ಮಾಡಬೇಕು. ಆದರೂ ಅಡ್ಡಿ ಇಲ್ಲ, ಅಂದಾಜು ಸಿಗುತ್ತದೆ" ಎಂದರು.

"ಇಲ್ಲಿ ಎಲ್ಲರಿಗಿಂತ ಆರೋಗ್ಯ ಇರುವ ಐದು ಜನರನ್ನು ನೀವೇ ಕರೆಯಿರಿ."

ಅವರು ಕರೆದರು. ಕಬಡ್ಡಿ ಆಡುವ ಇಬ್ಬರು ತರುಣರು, ಒಬ್ಬ ಮೀನು ಮಾರುವ ಹೆಂಗಸು, ಒಬ್ಬ ಬಸ್ ಡ್ರೈವರ್, ನನ್ನ ಶಾಲೆಯ ಡ್ರಿಲ್ ಮಾಷ್ಟ್ರು. ಐದು ಬೀಕರು ಮೇಜಿನ ಮೇಲೆ ಸಾಲಾಗಿ ನಿಂತವು. ಕಾಲು ಗಂಟೆ ಎಲ್ಲರೂ ಬೀಕರುಗಳನ್ನೇ ನೋಡುತ್ತಿದ್ದರು. ಎಳೆಗಳು ಮೆಲ್ಲನೆ ಇಳಿದವು, ಐದರಲ್ಲೂ.

"ಇವರೆಲ್ಲರಿಗೂ ಯೀಸ್ಟು ಉಂಟಾ ಭಾವ?"

"ಇರಬಹುದು. ಈಗಿನ ಊಟ ಹಾಗಲ್ಲವಾ."

"ಹಾಗಾದರೆ ಆರನೆಯದು ನಿಮ್ಮದು. ನೀವು ಸಕ್ಕರೆ ಬಿಟ್ಟು ನಾಲ್ಕು ವರ್ಷ ಆಯಿತಲ್ಲ."

ಅವರ ಮುಖ ಬದಲಾಯಿತು. ಬೇಡ, ಇದು ತಮಾಷೆಯಲ್ಲ ಎಂದರು. ಹಿಂದಿನಿಂದ ಯಾರೋ, "ಉಗುಳಿ ಮಾರಾಯ್ರೆ, ಎಂತ ಹೋಗುತ್ತದೆ" ಎಂದರು. ಭಾವ ಅಕ್ಕನ ಕಡೆ ನೋಡಿದರು. ಅಕ್ಕ ನೆಲ ನೋಡುತ್ತಿದ್ದಳು. ಕೊನೆಗೆ ಅವರು ಬೀಕರು ತೆಗೆದುಕೊಂಡು ಉಗುಳಿದರು. ಎಲ್ಲರಿಗಿಂತ ಉದ್ದದ ಎಳೆ ಅವರದೇ.

ನಾನು ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತನ್ನು ಹೇಳಿದೆ. "ಭಾವ, ನನ್ನ ಹತ್ತಿರ ಮುಚ್ಚಿಟ್ಟು ಎಂತ ಪ್ರಯೋಜನ? ಕದ್ದು ತಿಂದವರದ್ದು ಹೀಗೆ ಇರುವುದು."

ಸಭೆ ನಕ್ಕಿತು. ಆ ನಗು ನಿಲ್ಲುವವರೆಗೆ ಕಾದು, ಅಮ್ಮನಿಗೆ ಏನಾಗಿತ್ತು, ಎಷ್ಟು ತಿಂಗಳು ಏನು ತಿನ್ನಲಿಲ್ಲ, ಮಂಗಳೂರಿನಲ್ಲಿ ಏನು ಕಂಡಿತು, ಎಲ್ಲವನ್ನೂ ಪಾಠ ಮಾಡುವ ಸ್ವರದಲ್ಲಿ ಹೇಳಿದೆ. ಆಗ ಯಾರೂ ನಗಲಿಲ್ಲ. ಭಾವ ಪುಸ್ತಕಗಳನ್ನು ಚೀಲಕ್ಕೆ ತುಂಬಿಸುತ್ತಿದ್ದರು. ಒಂದು ಜಾರಿ ಕೆಳಗೆ ಬಿತ್ತು, ಬಗ್ಗಿ ಎತ್ತಿಕೊಂಡರು. ನಾನು ಅದನ್ನೇ ನೋಡುತ್ತಾ ನಿಂತೆ, ಸಾಕಷ್ಟು ಹೊತ್ತು ನೋಡಿದೆ.

ಕುಂಜತ್ತೂರಿನ ಜಗಲಿಗೆ ಜನ ಬರುವುದು ನಿಂತಿತು. ಅವರಿಗೆ 'ಉಗುಳು ಡಾಕ್ಟ್ರು' ಎಂಬ ಹೆಸರು ಬಿತ್ತು. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೂ ಅವರು ತಿರುಗಿ ನೋಡುತ್ತಾರಂತೆ ಎಂದು ಕೇಳಿದಾಗ ಆ ದಿನದ ಊಟ ನನಗೆ ರುಚಿಸಿತು. ಅಕ್ಕ ಎರಡು ವರ್ಷ ನನ್ನೊಡನೆ ಮಾತು ಬಿಟ್ಟಳು.

ಅಮ್ಮನಿಗೆ ಪಕ್ಕದ ಮನೆಯವರಿಂದ ಸುದ್ದಿ ತಲುಪಿತ್ತು. ಶಹಭಾಸ್ ಸಿಗಬಹುದು ಎಂದುಕೊಂಡಿದ್ದೆ.

"ನೀನು ನನ್ನಲ್ಲಿ ಒಂದು ಮಾತು ಕೇಳಬೇಕಿತ್ತು" ಎಂದರು ಅಮ್ಮ. "ಹೊಟ್ಟೆ ನನ್ನದು. ಮಾತು ಕೇಳಿಸಿಕೊಂಡದ್ದು ನಾನು. ಲೆಕ್ಕ ತೀರಿಸಿದ್ದು ಮಾತ್ರ ನೀನು."

"ನಿಮಗಾಗಿ ಮಾಡಿದ್ದು."

"ನನಗಾಗಿ ಆ ದಿನ ಜಗಲಿಯಲ್ಲಿ ಒಂದು ಮಾತು ಹೇಳಬಹುದಿತ್ತು ಮಗಾ."

 

ತೊಂಬತ್ತೆಂಟರಲ್ಲಿ ಅಮ್ಮ ತಾವಾಗಿಯೇ ಅಕ್ಕ ಭಾವನನ್ನು ಊಟಕ್ಕೆ ಕರೆದರು. ಪಕ್ಕದ ಮನೆಯ ಹೆಂಗಸನ್ನೂ ಕರೆದಿದ್ದರು. ಊಟವಾಗಿ ಎಲ್ಲರೂ ಜಗಲಿಗೆ ಬಂದಾಗ ಅಮ್ಮ ಭಾವನ ಎದುರು ಕೂತು ಕೇಳಿದರು. "ನಾನು ಕದ್ದು ತಿಂದೆ ಅಂತ ನೀವು ಇವರ ಎದುರು ಹೇಳಿದ್ದಿರಿ. ನಾನು ತಿನ್ನಲಿಲ್ಲ. ಅದನ್ನು ನೀವು ಇವರ ಎದುರೇ ಹೇಳಬೇಕು."

ಭಾವ ಪಕ್ಕದ ಮನೆಯ ಹೆಂಗಸಿನ ಕಡೆ ತಿರುಗಿ, "ಅತ್ತೆ ತಿನ್ನಲಿಲ್ಲ. ನನಗೆ ತಪ್ಪಿತು" ಎಂದರು. ಅಮ್ಮ, "ಆಯಿತು" ಎಂದು ಎದ್ದು ವೀಳ್ಯದೆಲೆ ತರಲು ಒಳಗೆ ಹೋದರು. ಅಮ್ಮನ ಮಟ್ಟಿಗೆ ಅದು ಅಲ್ಲಿಗೆ ಮುಗಿಯಿತು.

ನನಗೆ ಮುಗಿಯಲಿಲ್ಲ. ಅಕ್ಕನೊಡನೆ ಮಾತು ಶುರುವಾಯಿತು, ಹಬ್ಬಕ್ಕೆ ಹೋಗಿ ಬರುತ್ತೇನೆ. ಭಾವ ಈಗ ಯಾರಿಗೂ ಪಥ್ಯ ಹೇಳುವುದಿಲ್ಲ, ತಾವು ಮಾತ್ರ ಸಕ್ಕರೆ ತಿನ್ನುವುದಿಲ್ಲ. ಮೊನ್ನೆ ಶಾಲೆಯ ಹೊಸ ಟೀಚರೊಬ್ಬರು ಹೊಟ್ಟೆ ಉಬ್ಬರಕ್ಕೆ ಸಕ್ಕರೆ ಬಿಡಬೇಕಾ ಎಂದು ನನ್ನನ್ನು ಕೇಳಿದರು. ಬೇಕಾದರೆ ಬಿಡಿ, ತೂಕ ಇಳಿದರೆ ಮಾತ್ರ ಒಂದು ದಿನವೂ ಕಾಯದೆ ಡಾಕ್ಟರಿಗೆ ತೋರಿಸಿ ಎಂದೆ. ಅವರು ಹೋದ ಮೇಲೆ ಮುಂದಿನ ತರಗತಿಗೆ ಹೋಗಲು ನನಗೆ ಮನಸ್ಸಾಗಲಿಲ್ಲ. ಆ ದಿನ ವಾಚನಾಲಯದಲ್ಲಿ ಭಾವನಿಗೆ ಹೇಳಬಹುದಾಗಿದ್ದ ಇನ್ನೂ ಎರಡು ಮಾತು ಹೊಳೆದಿದ್ದವು. ಮೊದಲಿನದಕ್ಕಿಂತ ಹರಿತವಾದವು.