ಮಲಗಿ ನೋಡಿದ ಬ್ರೇಕು

ಆ ಬೀದಿಯ ಸೈಕಲ್ ಅಂಗಡಿಯವಳಿಗೆ ಗರಗಸ ಎಂದು ಹೆಸರಿಟ್ಟವರು ಯಾರೋ, ಇಟ್ಟದ್ದು ಮಾತ್ರ ಸರಿಯಾಗಿತ್ತು. ಅವಳ ನಾಲಿಗೆಗೆ ಸಿಕ್ಕವರು ಎರಡು ತುಂಡಾಗಿಯೇ ಹೊರಗೆ ಬರುತ್ತಿದ್ದರು. ಹೆಣ್ಣುಮಕ್ಕಳ ಕೈಗೆ ಸ್ಪ್ಯಾನರ್ ಯಾಕೆ ಎಂದ ಅಪ್ಪನ ಕಣ್ಣೆದುರೇ, ಹದಿನಾರನೇ ವಯಸ್ಸಿಗೆ ಹಿಂದಿನ ಚಕ್ರ ಬಿಚ್ಚಿ ಜೋಡಿಸಿದವಳು. ಅಪ್ಪ ಹೋದ ಮೇಲೆ ಇಪ್ಪತ್ತು ವರ್ಷ ಒಬ್ಬಳೇ ಅಂಗಡಿ ನಡೆಸಿದ್ದಳು. ಬೇಡ ಎಂದದ್ದನ್ನೇ ಮಾಡುವುದು ಅವಳ ಹುಟ್ಟುಗುಣ.

ಅವಳ ತಮ್ಮ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡ ಮೇಲೆ ಮಾಮೂಲಿ ಸೈಕಲ್ ಹತ್ತುವಂತಿರಲಿಲ್ಲ. ಹಿಂದಕ್ಕೆ ಒರಗಿ, ಕಾಲು ಮುಂದೆ ಚಾಚಿ ತುಳಿಯುವ ಸೈಕಲ್ಲೊಂದನ್ನು ಅಕ್ಕ ಎಲ್ಲಿಂದಲೋ ಹುಡುಕಿ ತಂದಳು. ಮಂಚಕ್ಕೆ ಚಕ್ರ ಹಾಕಿದ್ದಾಳೆ ಎಂದು ಬೀದಿಯವರು ನಕ್ಕರು. ತಮ್ಮ ಮಾತ್ರ ಯಾರ ಹಂಗೂ ಇಲ್ಲದೆ ಮತ್ತೆ ಕೆಲಸಕ್ಕೆ ಹೋಗತೊಡಗಿದ.

ಅಚ್ಚುಕೂಟಕ್ಕೆ ಹೋಗುವ ದಾರಿ ಉದ್ದದ ಇಳಿಜಾರು. ಒಂದು ಬೆಳಿಗ್ಗೆ ಬ್ರೇಕ್ ಹಿಡಿಯದೆ ತಮ್ಮ ತರಕಾರಿ ಗಾಡಿಗೆ ಹೋಗಿ ಗುದ್ದಿದ. ಮೊಣಕೈ ತರಚಿತು, ಅಷ್ಟೆ. ಆದರೆ ಅವರಿಬ್ಬರಿಗೂ ದೊಡ್ಡವನಾದ, ವ್ಯಾನ್ ಓಡಿಸುವ ಅಣ್ಣ ಸಂಜೆಯೇ ಬಂದು ತೀರ್ಪು ಕೊಟ್ಟ. ಭಾನುವಾರ ಸೈಕಲ್ ಗುಜರಿಗೆ, ಸೋಮವಾರದಿಂದ ತಮ್ಮನ ಓಡಾಟ ವ್ಯಾನಿನಲ್ಲಿ. ಅಣ್ಣ ಹೊರಟಾಗ ಹೊರಡಬೇಕು, ಅಣ್ಣ ಕರೆತಂದಾಗ ಬರಬೇಕು. ತಮ್ಮ ಗೋಡೆಯನ್ನೇ ನೋಡುತ್ತ ಒರಗಿದ್ದ. ಅಕ್ಕನಿಗೆ ಮೈಯೆಲ್ಲ ಉರಿಯಿತು.

"ಭಾನುವಾರದ ತನಕ ಯಾರಾದ್ರೂ ಇದನ್ನ ಮುಟ್ಟಿದ್ರೆ ಕೈ ಮುರೀತೀನಿ," ಎಂದಳು.

ರಿಮ್ಮಿಗೆ ಒತ್ತುವ ಹಳೆಯ ಬ್ರೇಕ್ ರಬ್ಬರುಗಳನ್ನು ಕಿತ್ತೆಸೆದಳು. ಇಳಿಜಾರಿನ ಉದ್ದಕ್ಕೂ ಉಜ್ಜಿ ಸಣ್ಣ ಮುಂಚಕ್ರ ಬಿಸಿಯಾಗುತ್ತದೆಂದು ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೂರಿಸಿದಳು. ಸ್ಟ್ಯಾಂಡಿನ ಮೇಲೆ ಚಕ್ರ ತಿರುಗಿಸಿ ಬ್ರೇಕಿನ ಹಿಡಿ ಒತ್ತಿದರೆ ತಟ್ಟನೆ ನಿಲ್ಲುತ್ತಿತ್ತು. ಆದರೆ ತಮ್ಮ ಮಲಗಿ ಓಡಿಸಿದರೆ ಹಿಂದಿನ ಚಕ್ರ ಎಷ್ಟು ಒತ್ತಿದರೂ ನಿಲ್ಲುತ್ತಿರಲಿಲ್ಲ. ಮೂರು ಸಲ ಬಿಚ್ಚಿದಳು, ಮೂರು ಸಲ ಜೋಡಿಸಿದಳು. ಆ ಸೈಕಲ್ಲಿನ ಜಾತಿಯೇ ಹಾಗೆ, ಬಿಟ್ಟುಬಿಡಿ ಎಂದ ಬಿಡಿಭಾಗದ ವ್ಯಾಪಾರಿಗೆ, ಬಿಡುವುದು ನಿನ್ನ ಅಂಗಡಿಯನ್ನೇ ಹೊರತು ಸೈಕಲ್ಲನ್ನಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿ ಬಂದಳು.

ಶುಕ್ರವಾರ ಮಧ್ಯಾಹ್ನ ಅಂಗಡಿಯ ಶಟರ್ ಎಳೆದು ತಾನೇ ಆ ಸೈಕಲ್ಲಿನ ಮೇಲೆ ಮಲಗಿದಳು. ಅದೇ ಮೊದಲು. ಅಪ್ಪನನ್ನು ನೋಡಿ ಕಲಿತಂತೆ ಇಷ್ಟು ವರ್ಷವೂ ನಿಂತೇ ಬ್ರೇಕ್ ನೋಡಿದವಳು ಅವಳು. ಕೈ ಹಿಡಿಯ ಮೇಲೆ, ಕಣ್ಣು ಚಕ್ರದ ಮೇಲೆ. ಈಗ ಬೆನ್ನಿನ ಕೆಳಗೆ ಕೈ ಹಾಕಿ ತಡಕಿದಳು. ಮೈಭಾರಕ್ಕೆ ಬಟ್ಟೆಯ ಸೀಟು ಜೋತು, ಹಿಂದಕ್ಕೆ ಹೋಗುವ ಉದ್ದದ ಕೇಬಲ್ಲನ್ನು ಫ್ರೇಮಿಗೆ ಅದುಮಿತ್ತು. ಕೇಬಲ್ಲಿನ ಹೊರಕೊಳವೆ ಸೊಟ್ಟಗಾಗಿ ಒಳಗಿನ ತಂತಿ ಸಿಕ್ಕಿಕೊಳ್ಳುತ್ತಿತ್ತು. ಒತ್ತಿದ ಬಲವೆಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಎದ್ದು ನಿಂತರೆ ಎಲ್ಲ ಸರಿ.

ಅವಳಿಗೆ ನಾಚಿಕೆಯಾಯಿತು. ಊರಿಗೆಲ್ಲ ಬುದ್ಧಿ ಹೇಳುವವಳು, ತಮ್ಮ ದಿನವೂ ಮಲಗುವ ಜಾಗದಲ್ಲಿ ಒಂದು ಗಳಿಗೆ ಮಲಗಿ ನೋಡಿರಲಿಲ್ಲ. ಗಟ್ಟಿ ಕೊಳವೆಯ ಕೇಬಲ್ಲನ್ನು ಸೀಟಿನ ಹೊರಗಿಂದ ನೇರವಾಗಿ ಎಳೆದು ಕಟ್ಟಿದಳು. ಶನಿವಾರ ತಾನೇ ಮಲಗಿಕೊಂಡು ಇಳಿಜಾರನ್ನು ಆರು ಸಲ ಇಳಿದಳು. ನಗುವವರು ನಕ್ಕರು.

ಭಾನುವಾರ ಅಣ್ಣ ಮಾತಿಗೆ ತಪ್ಪದೆ ಬಂದ. ಇಳಿಜಾರಿನ ಬುಡದಲ್ಲಿ ವ್ಯಾನನ್ನು ಅಡ್ಡಲಾಗಿ ನಿಲ್ಲಿಸಿ, ಸೈಕಲ್ ಹಾಕಲು ಹಿಂಬಾಗಿಲು ತೆರೆದ. ಅಕ್ಕ ಅವನ ಪಕ್ಕದಲ್ಲಿ ಕೈ ಕಟ್ಟಿ ನಿಂತು ಮೇಲೆ ನೋಡು ಎಂದಳು.

ತಮ್ಮ ಕಾಲು ಮುಂದೆ ಚಾಚಿ ಜೋರಾಗಿ ಇಳಿದು ಬರುತ್ತಿದ್ದ. ಅಣ್ಣ ಕೂಗುತ್ತ ಪಕ್ಕಕ್ಕೆ ಹಾರಿದ. ಅಕ್ಕ ಕದಲಲಿಲ್ಲ. ವ್ಯಾನಿಗೆ ಇನ್ನೊಂದು ಮಾರು ದೂರವಿರುವಾಗ ಸೈಕಲ್ ನಿಂತಿತು.

ತಮ್ಮ ಮಲಗಿದಲ್ಲಿಂದಲೇ ಅಣ್ಣನ ಮುಖ ನೋಡಿದ.

"ವ್ಯಾನ್ ಆಚೆ ತೆಗಿ ಅಣ್ಣ. ನನ್ನ ದಾರಿಗೆ ಅಡ್ಡ ಇದೆ."

ಅಣ್ಣ ಬಾಗಿಲು ಮುಚ್ಚಿ, ವ್ಯಾನಿನ ಕೀಲಿ ಹುಡುಕತೊಡಗಿದ.