ನೇತ್ರಾಣಿಯ ದೋಣಿಯಲ್ಲಿ ನಾನು ಒಪ್ಪಿಕೊಂಡದ್ದು

ನನ್ನ ಮೊಮ್ಮಗಳು ಪಾಸಾದಳು. ಕಾಲೇಜಿನ ಪರೀಕ್ಷೆಯಲ್ಲ, ಸಮುದ್ರದ ಪರೀಕ್ಷೆ. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಂಡು, ನೇತ್ರಾಣಿ ದ್ವೀಪದ ಪಕ್ಕದಲ್ಲಿ ನಾಲ್ಕು ಸಲ ನೀರಿನಾಳಕ್ಕೆ ಇಳಿದು, ಹೇಳಿದ್ದನ್ನೆಲ್ಲ ಮಾಡಿ ತೋರಿಸಿ ಮೇಲೆ ಬಂದಳು. ಅದಕ್ಕೊಂದು ಕಾರ್ಡ್ ಕೊಡುತ್ತಾರೆ, ಅದಿದ್ದರೆ ಅವಳು ಯಾವ ಊರಿನ ಸಮುದ್ರದಲ್ಲಾದರೂ ಸ್ಕೂಬಾ ಡೈವಿಂಗ್ ಮಾಡಬಹುದು. ಭದ್ರಾವತಿ ಜನ್ನಾಪುರದ ನಮ್ಮ ಬೀದಿಯಲ್ಲಿ ಯಾರು ಸಿಕ್ಕಿದರೂ ಇದನ್ನೇ ಹೇಳುತ್ತಿದ್ದೇನೆ. ಹಾಲಿನ ಅಂಗಡಿಯವರಿಗೆ ಎರಡು ಸಲ ಹೇಳಿದೆನಂತೆ.

ಈ ಹುಡುಗಿ ನನ್ನ ಮಗನ ಮಗಳು. ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ನೋಡುವ ಕೆಲಸ ಅವಳದು. ಎರಡು ವರ್ಷ ಭಾನುವಾರ ತಪ್ಪಿಸದೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ ಈಜು ಕಲಿತಳು. ಯಾಕೆ ಇಷ್ಟು ಕಷ್ಟ ಎಂದರೆ, "ನೀರೊಳಗೆ ಉಸಿರಾಡ್ಬೇಕು ಅಜ್ಜಿ, ಅಷ್ಟೇ" ಎನ್ನುತ್ತಿದ್ದಳು.

ಮಗ ಶಾಲಾ ವ್ಯಾನ್ ಓಡಿಸುತ್ತಾನೆ. ಬೇಸಿಗೆ ರಜೆಯಲ್ಲಿ ವ್ಯಾನು ಸುಮ್ಮನೆ ನಿಂತಿರುತ್ತದೆ. ಹಿಂದಿನ ಸೀಟು ಬಿಚ್ಚಿ ಹಾಸಿಗೆ, ಗ್ಯಾಸ್ ಒಲೆ, ಪಾತ್ರೆ, ಒಂದು ಟೆಂಟು ತುಂಬಿಕೊಂಡು ಮಗ, ಸೊಸೆ, ಮೊಮ್ಮಗಳು, ನಮ್ಮ ಯಜಮಾನರು, ನಾನು, ಐದೂ ಜನ ಹೊರಟೆವು. ಜೋಗ ನೋಡಿ, ಮುರುಡೇಶ್ವರಕ್ಕೆ ಇಳಿದು, ಗೋಕರ್ಣ, ಶಿರಸಿ ಮೇಲೆ ವಾಪಸು ಬರುವುದು. ಮುರುಡೇಶ್ವರದಲ್ಲಿ ಮಾತ್ರ ಮೂರು ದಿನ, ಅವಳ ಡೈವಿಂಗಿಗಾಗಿ.

ಸಮುದ್ರದ ದಂಡೆಯಲ್ಲಿ ಗಾಳಿಮರಗಳ ಕೆಳಗೆ ಟೆಂಟು ಹಾಕಿದೆವು. ಮರಳಿನಲ್ಲಿ ಗೂಟ ನಿಲ್ಲಲಿಲ್ಲ. ಮಗ ಒಂದು ಕಡೆಯ ಹಗ್ಗವನ್ನು ವ್ಯಾನಿನ ಚಕ್ರಕ್ಕೇ ಬಿಗಿದ. ಹಳದಿ ವ್ಯಾನು ಕಂಡು ಐಸ್‌ಕ್ರೀಮ್ ಮಾರುವವನು ಓಡಿಬಂದು ಮಕ್ಕಳೆಲ್ಲಿ ಎಂದು ಹುಡುಕಿದ. ನಮ್ಮ ಯಜಮಾನರು ಬಿಳಿ ಮೀಸೆ ಸವರಿಕೊಂಡು, "ನಾನೇ ಎಲ್‌ಕೆಜಿ, ನನಗೊಂದು ಕೊಡು" ಎಂದರು.

ಮೊದಲ ದಿನ ಈಜುಕೊಳದಲ್ಲಿ ಅಭ್ಯಾಸ. ಎರಡನೆಯ ದಿನ ಸಮುದ್ರದಲ್ಲಿ ಎರಡು ಸಲ ಇಳಿದಳು. ಮೂರನೆಯ ದಿನ ಇನ್ನೆರಡು ಸಲ ಇಳಿದರೆ ಮುಗಿಯಿತು. ಆಗ ಮೇ ಕೊನೆ. ಮಳೆಗೆ ಮುಂಚಿನ ಕೊನೆಯ ದೋಣಿಗಳು ಹೊರಡುತ್ತಿದ್ದವು. ಆ ದಿನ ತಪ್ಪಿದರೆ ಮಳೆಗಾಲ ಮುಗಿಯುವವರೆಗೆ ಕಾಯಬೇಕು, ಅಷ್ಟು ಹೊತ್ತಿಗೆ ಕಾರ್ಖಾನೆಯಲ್ಲಿ ಅವಳ ರಜೆ ಉಳಿದಿರುವುದಿಲ್ಲ.

ಕಲಿಸುವ ಮೇಡಂ ಭಟ್ಕಳದ ಕಡೆಯವರು, ಚುರುಕು ಹೆಂಗಸು. ಬೆಳಗ್ಗೆ ಎರಡು ಇಡ್ಲಿ ಸಾಕು, ಹಾಲು ಬೇಡ ಎಂದು ಹಿಂದಿನ ದಿನವೇ ಹೇಳಿದ್ದರು. ನನ್ನ ಕಿವಿಯಾರೆ ಕೇಳಿದ್ದೆ. ಆದರೆ ಭದ್ರಾವತಿಯಲ್ಲಿ ಮೂವತ್ತು ವರ್ಷ ಮೊದಲನೇ ಶಿಫ್ಟಿಗೆ ಹೋಗುವ ಗಂಡನಿಗೆ ಬೆಳಗಿನ ಐದು ಗಂಟೆಗೆ ರೊಟ್ಟಿ ಬಡಿದು, ತಂಬಿಟ್ಟು ಕಟ್ಟಿ ಕೊಟ್ಟವಳು ನಾನು. ಭಾರ ಹೊರುವವರನ್ನು ಅರೆಹೊಟ್ಟೆಯಲ್ಲಿ ಕಳಿಸಿ ಗೊತ್ತಿಲ್ಲ.

"ಎರಡು ಇಡ್ಲಿ ತಿಂದು ಆ ಸಿಲಿಂಡರ್ ಹೊರೋಕಾಗುತ್ತೇನೇ?" ಎಂದು ಮೂರು ತಂಬಿಟ್ಟು ಮುಂದಿಟ್ಟೆ.

"ಅಜ್ಜಿ, ಮೇಡಂ ಬೇಡ ಅಂದಿದಾರೆ."

"ಮೇಡಂ ಬಂದು ಹೊರ್ತಾರಾ? ಬಾಯಿ ತೆಗಿ ಮಾರಾಯ್ತಿ."

ನನ್ನ ಮುಖ ನೋಡಿ ತಿಂದಳು. ಮೇಲೆ ಒಂದು ಲೋಟ ಹಾಲನ್ನೂ ಕುಡಿಸಿದೆ.

ದೋಣಿಯಲ್ಲಿ ಅವಳ ಜೊತೆ ನಾನು ಹೋದೆ. ಉಳಿದವರು ದಂಡೆಯಲ್ಲೇ ಇದ್ದರು. ಹೋಗುವಾಗ ಏನೂ ಆಗಲಿಲ್ಲ. ದ್ವೀಪದ ಹತ್ತಿರ ಎಂಜಿನ್ ನಿಲ್ಲಿಸಿದ ಮೇಲೆ ದೋಣಿ ತೊಟ್ಟಿಲಿನಂತೆ ತೂಗತೊಡಗಿತು. ಹುಡುಗಿಯ ಮುಖ ಬಿಳಿಚಿತು. ದೋಣಿಯಂಚಿಗೆ ಬಾಗಿ ಒಂದಲ್ಲ, ಮೂರು ಸಲ ಕಾರಿಕೊಂಡಳು.

ಮೇಡಂ ಬಂದು ಹಣೆ ಮುಟ್ಟಿ ನೋಡಿದರು. "ಬೆಳಿಗ್ಗೆ ಎಂತ ತಿಂದಿದ್ದೆ?"

"ಎರಡು ಇಡ್ಲಿ, ಅಷ್ಟೇ ಮೇಡಂ." ನನ್ನ ಕಡೆ ತಿರುಗಲೇ ಇಲ್ಲ.

"ಎರಡು ಇಡ್ಲಿಗೆ ಇಷ್ಟೆಲ್ಲ ಆಗುದಿಲ್ಲ. ನಿನ್ನೆ ಇದೇ ದೋಣಿಯಲ್ಲಿ ಸರಿ ಇದ್ದೆ. ಹೊಟ್ಟೆಗೆ ಎಂತದೋ ಕಾಯಿಲೆ ಬಂದಿದೆ ನಿನಗೆ. ಕಾಯಿಲೆಯವರನ್ನ ನಾನು ನೀರಿಗೆ ಇಳಿಸುದಿಲ್ಲ."

ನಿಜ ಹೇಳಬೇಕೆಂದರೆ, ಒಂದು ಗಳಿಗೆ ನನಗೆ ಹಾಯೆನಿಸಿತು. ಸುಮ್ಮನಿದ್ದರೆ ಅವಳು ನನ್ನ ಪಕ್ಕದಲ್ಲೇ ಕೂತಿರುತ್ತಾಳೆ, ಆ ನೀರಿಗೆ ಇಳಿಯುವುದಿಲ್ಲ. ಅಷ್ಟರಲ್ಲಿ ಅವಳು ಕಾಲಿಗೆ ಹಾಕಿದ್ದ ರಬ್ಬರಿನ ಈಜುರೆಕ್ಕೆ ಬಿಚ್ಚತೊಡಗಿದಳು. ಒಂದು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಇನ್ನೊಂದಕ್ಕೆ ಕೈ ಹಾಕಲಿಲ್ಲ, ಹಾಗೇ ಕೂತಳು. ನನ್ನಿಂದ ನೋಡಲಾಗಲಿಲ್ಲ.

"ಮೇಡಂ, ಕಾಯಿಲೆ ಅಲ್ಲ, ನಾನು" ಎಂದೆ. "ಇಡ್ಲಿ ಮೇಲೆ ಮೂರು ತಂಬಿಟ್ಟು ತಿನ್ನಿಸ್ದೆ. ಹಾಲೂ ಕುಡಿಸ್ದೆ. ಅವಳು ಬೇಡ ಅಂದ್ಲು."

ಮೇಡಂ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಅಜ್ಜೀ! ಮೊಮ್ಮಗಳನ್ನ ನೀರಿಗೆ ಕಳಿಸುದಾ, ಸೀಮಂತ ಮಾಡುದಾ ನೀವು?" ದೋಣಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆಮೇಲೆ ಮೇಡಂ ಅವಳ ಕಡೆ ತಿರುಗಿ, "ನೀನ್ಯಾಕೆ ಸುಳ್ಳು ಹೇಳಿದ್ದು? ನೀರೊಳಗೆ ನನ್ನ ಜೊತೆ ಬರುವವಳು ನನ್ನ ಹತ್ರ ಸುಳ್ಳು ಹೇಳಬಾರ್ದು" ಎಂದರು.

"ಅಜ್ಜಿಗೆ ಬೈತೀರ ಅಂತ."

ಮೇಡಂ ಬೈಗುಳ ಅಲ್ಲಿಗೆ ನಿಂತಿತು. ಕಲಿಯಲು ಬಂದ ಉಳಿದವರು ಮೊದಲು ಇಳಿಯಲಿ, ಒಂದು ಗಂಟೆ ನೋಡೋಣ, ಮತ್ತೆ ವಾಂತಿಯಾಗದಿದ್ದರೆ ತಾವೇ ಕರೆದುಕೊಂಡು ಇಳಿಯುವುದಾಗಿ ಹೇಳಿದರು. ದ್ವೀಪದ ಬಂಡೆಯನ್ನೇ ನೋಡುತ್ತಾ ಕೂರಬೇಕು, ಆಗಾಗ ಒಂದೊಂದು ಗುಟುಕು ನೀರು, ಬೇರೆ ಏನೂ ಇಲ್ಲ.

"ಬೇಜಾರಾಯ್ತಾ ಅಜ್ಜಿ?" ಎಂದಳು.

"ಮಾತಾಡ್ಬೇಡ. ಬಂಡೆ ನೋಡು."

ಆ ಒಂದು ಗಂಟೆ ಅವಳು ಬಂಡೆ ನೋಡಿದಳು, ನಾನು ಅವಳ ಗಂಟಲು ನೋಡಿದೆ. ಎರಡು ಸಲ ಉಗುಳು ನುಂಗಿದಳು, ಎರಡು ಸಲವೂ ನನ್ನ ಜೀವ ಬಾಯಿಗೆ ಬಂತು. ವಾಂತಿಯಾಗಲಿಲ್ಲ. ಮುಖಕ್ಕೆ ಬಣ್ಣ ಮರಳಿತು. ಮೇಡಂ ನಾಲ್ಕಾರು ಪ್ರಶ್ನೆ ಕೇಳಿ, ತಿರುಗಾಡಿಸಿ ನೋಡಿ, "ನಡಿ" ಎಂದರು. ಬಿಚ್ಚಿಟ್ಟದ್ದನ್ನು ಹಾಕಿಕೊಂಡು, ಸಿಲಿಂಡರ್ ಹೊತ್ತು, ಅಂಚಿನಲ್ಲಿ ಕೂತು ಬೆನ್ನ ಹಿಂದಕ್ಕೆ ಧೊಪ್ಪೆಂದು ನೀರಿಗೆ ಬಿದ್ದಳು. ಸಿಲಿಂಡರಿನ ಭಾರ ನೀರಿನಲ್ಲಿ ಗೊತ್ತೇ ಆಗುವುದಿಲ್ಲವಂತೆ. ಅದನ್ನು ನನಗೆ ಆಗ ದೋಣಿಯವರು ಹೇಳಿದರು.

ಮೇಲೆ ಬರೀ ಗುಳ್ಳೆ. ಗುಳ್ಳೆ ಏಳುತ್ತಿದ್ದರೆ ಉಸಿರಾಡುತ್ತಿದ್ದಾಳೆ ಎಂದರ್ಥ ಎಂದರು. ನಾನು ಅಲ್ಲಿಂದ ಕಣ್ಣು ಕೀಳಲಿಲ್ಲ. ಮೇಲೆ ಬಂದು, ಸುಧಾರಿಸಿಕೊಂಡು, ಮತ್ತೊಮ್ಮೆ ಇಳಿದಳು. ಆ ಸಲ ತಳದಲ್ಲಿ ಕಣ್ಣಿಗೆ ಹಾಕುವ ಮಾಸ್ಕ್ ಪೂರ್ತಿ ತೆಗೆದು, ಮತ್ತೆ ಹಾಕಿಕೊಂಡು, ಒಳಗಿನ ನೀರನ್ನು ಮೂಗಿನ ಗಾಳಿಯಿಂದ ಹೊರಹಾಕಿ ತೋರಿಸಬೇಕಿತ್ತು. ತೋರಿಸಿದಳು. ಮೊದಲು ಮೇಡಂ ತಲೆ ನೀರಿನಿಂದ ಹೊರಗೆ ಬಂತು. "ಅಜ್ಜೀ, ಪಾಸು!" ಎಂದು ಅಲ್ಲಿಂದಲೇ ಕೂಗಿದರು. ಚೀಲದಲ್ಲಿ ಉಳಿದಿದ್ದ ತಂಬಿಟ್ಟನ್ನೆಲ್ಲ ದೋಣಿಯವರಿಗೆ ಹಂಚಿಬಿಟ್ಟೆ. ಮೇಡಂ ಎರಡು ತಿಂದರು.

ಸಂಜೆ ಸೊಸೆ ಅನ್ನ, ಬೇಳೆಸಾರು, ಬದನೆಕಾಯಿ ಪಲ್ಯ ಮಾಡಿದ್ದಳು. ಊರಿನಿಂದ ತಂದ ರೊಟ್ಟಿಯೂ ಇತ್ತು. ವ್ಯಾನಿನ ನೆರಳಿಗೆ ಚಾಪೆ ಹಾಸಿ ಐವರೂ ಕೂತೆವು. ದೋಣಿಯಲ್ಲಿ ನಡೆದದ್ದನ್ನು ಮೊಮ್ಮಗಳು ಹೇಳುತ್ತಿದ್ದಂತೆ ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಯಜಮಾನರು, "ಇವಳ ತಂಬಿಟ್ಟು ತಿಂದು ಮೂವತ್ತು ವರ್ಷ ಶಿಫ್ಟ್ ಮಾಡಿದೀನಿ. ನನಗೂ ಒಂದು ಕಾರ್ಡ್ ಕೊಡಿಸಿ" ಎಂದರು.

ಬಡಿಸಲು ಕೈ ತುರಿಸುತ್ತಿತ್ತು. ತಡೆದುಕೊಂಡೆ. ಅವಳು ಎರಡು ರೊಟ್ಟಿ ಮುಗಿಸಿ, ಬೆರಳು ನೆಕ್ಕಿ, ತಟ್ಟೆ ನನ್ನ ಕಡೆ ಚಾಚಿದಳು.

"ಅನ್ನ ಹಾಕಜ್ಜಿ. ಹೊಟ್ಟೆ ಹಸಿದು ಸಾಯ್ತಿದೀನಿ."

"ಎಷ್ಟು ಹಾಕ್ಲಿ?"

"ನೀನು ಯಾವಾಗಿಂದ ಕೇಳೋಕೆ ಶುರು ಮಾಡ್ದೆ?" ಎಂದ ಮಗ.

ಅವಳು ಸಾಕು ಎನ್ನುವವರೆಗೆ ಹಾಕಿದೆ. ಆಮೇಲೆ ನಾನೂ ತಟ್ಟೆಗೆ ಬಡಿಸಿಕೊಂಡು ಅವಳ ಪಕ್ಕಕ್ಕೆ ಸರಿದು ಉಂಡೆ. ಅನ್ನದಲ್ಲಿ ಸ್ವಲ್ಪ ಮರಳು ಸೇರಿತ್ತು. ಎಲ್ಲರೂ ತಟ್ಟೆ ಬಳಿದು ಉಂಡೆವು.