ಬಾಗಿಲಲ್ಲಿ ನಿಂತವಳನ್ನು ಅಳಿಸಿದರು

ಆ ಸ್ಫೋಟವನ್ನು ಮಾಡಿದವನು ನಾನೇ. ಈಗಲೂ ಯಾರಾದರೂ ಅದನ್ನು ಹೊಗಳಿದರೆ ಮೈಯೆಲ್ಲ ಉರಿಯುತ್ತದೆ.

ಬಂಗಾರಪೇಟೆಯಲ್ಲಿ ನನ್ನದೊಂದು ಎಡಿಟಿಂಗ್ ಅಂಗಡಿ. ಮದುವೆ ವಿಡಿಯೋಗಳಲ್ಲಿ ಗಂಡುಹೆಣ್ಣಿನ ಮೇಲೆ ಗುಲಾಬಿ ಸುರಿಸುವುದು, ಇಲ್ಲದ ಚಂದ್ರನನ್ನು ತಂದು ಕೂರಿಸುವುದು ಹೊಟ್ಟೆಪಾಡು. ಒಂದು ದಿನ ಬೆಂಗಳೂರಿನ ನಿರ್ದೇಶಕನೊಬ್ಬ ಬಂದ. ಗಣಿ ದುರಂತದ ಕಿರುಚಿತ್ರವಂತೆ. ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಗಳ ಮುಂದೆ ಶೂಟಿಂಗ್ ಮುಗಿಸಿದ್ದ. ಹಿಂದೆ ದೂರದಲ್ಲಿ ಕಾಣುವ ಗಣಿಯಲ್ಲಿ ನಾನೊಂದು ಸ್ಫೋಟ ಕೂರಿಸಿಕೊಡಬೇಕಿತ್ತು.

ಕ್ಲಿಪ್ ತೆರೆದು ನೋಡಿದರೆ ಅದು ನಮ್ಮದೇ ಸಾಲು. ಅವನು ಕರೆತಂದ ನಟಿಯರು ಚೀರುತ್ತ ಓಡುತ್ತಿದ್ದಾರೆ. ಅವರ ಹಿಂದೆ, ನಮ್ಮ ಮನೆಯ ಬಾಗಿಲಲ್ಲಿ, ಚೌಕಟ್ಟು ಹಿಡಿದು ನನ್ನ ಅಮ್ಮ ನಿಂತಿದ್ದಾಳೆ. ಅಲ್ಲಿ ಸ್ಫೋಟ ಆಯ್ತು ಅಂದುಕೊಳ್ಳಿ ಎಂದು ಅವನು ಎಲ್ಲರಿಗೂ ಕೂಗಿ ಹೇಳಿದ್ದನಂತೆ. ಅಮ್ಮ ತನಗೆ ಗೊತ್ತಿದ್ದದ್ದನ್ನು ಮಾಡಿದ್ದಳು.

ಅಪ್ಪ ಗಣಿಯೊಳಗೆ ಇಳಿಯುತ್ತಿದ್ದ ಕಾಲದಲ್ಲಿ ಆಳದಲ್ಲೆಲ್ಲೋ ಬಂಡೆ ಸಿಡಿದರೆ ಮೇಲೆ ನಮ್ಮ ಮನೆ ನಡುಗುತ್ತಿತ್ತು, ಅಟ್ಟಣಿಗೆಯ ಪಾತ್ರೆ ಗಲಗಲ ಎನ್ನುತ್ತಿತ್ತು. ಸಾಲಿನ ಹೆಂಗಸರೆಲ್ಲ ಒಲೆ ಆರಿಸಿ ತಂತಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಯಾರೂ ಓಡುತ್ತಿರಲಿಲ್ಲ. ಗಂಡ ಮನೆಗೆ ಬರುವವರೆಗೆ ಹೊಸ್ತಿಲು ಬಿಡುತ್ತಿರಲಿಲ್ಲ. ನಾನು ಅಮ್ಮನ ಸೆರಗು ಹಿಡಿದು ನಿಂತಿದ್ದೇನೆ. ಯಾಕೆ ಹೀಗೆ ಎಂದು ಕೇಳಿದವನಲ್ಲ.

ಅಮ್ಮ ಇದ್ದಾಳೆಂದೇ ಆ ಶಾಟಿಗೆ ಮೈಮುರಿದು ದುಡಿದೆ. ಬೆಂಕಿಯ ಮೇಲೆ ಹೊಗೆ, ಹೊಗೆಯ ಮೇಲೆ ದೂಳು, ಪದರದ ಮೇಲೆ ಪದರ ಹಾಕಿದೆ. ಬರೀ ಬೆಂಕಿ ಅಂಟಿಸಿದರೆ ನಾಟಕದ ಪರದೆಯ ಹಾಗೆ ಕಾಣುತ್ತದೆ. ಅದರ ಬೆಳಕು ಗೋಡೆಗೂ ಬೀಳಬೇಕು, ಅಮ್ಮನ ಕೆನ್ನೆಗೂ ಬೀಳಬೇಕು. ದೂರದ ಸ್ಫೋಟಕ್ಕೆ ನೆಲ ಮೊದಲು ನಡುಗುತ್ತದೆಂದು ಚಿತ್ರವನ್ನು ಮೊದಲು ಅಲುಗಿಸಿ, ಸದ್ದನ್ನು ಆಮೇಲೆ ಬಿಟ್ಟೆ.

ನಿರ್ದೇಶಕ ನೋಡಿ ಕುಣಿದಾಡಿದ. ಆಮೇಲೆ ಪರದೆಗೆ ಬೆರಳಿಟ್ಟ.

"ಸೂಪರ್ ಗುರೂ! ಆದ್ರೆ ಈ ಅಜ್ಜೀನ ಅಳಿಸ್ಬಿಡಿ. ಬ್ಲಾಸ್ಟ್ ಆದ್ರೆ ಯಾರಾದ್ರೂ ಹಿಂಗೆ ಕಂಬದ ಥರ ನಿಂತ್ಕೋತಾರಾ? ರಿಯಲಿಸ್ಟಿಕ್ ಆಗಿಲ್ಲ."

"ಅದು ನಮ್ಮಮ್ಮ," ಅಂದೆ. "ಇಲ್ಲಿ ಎಲ್ಲರೂ ಹಂಗೇ ನಿಲ್ತಿದ್ರು."

"ಅಯ್ಯೋ, ಸಾರಿ. ಆದ್ರೂ ನೋಡೋರಿಗೆ ಅದೆಲ್ಲ ಗೊತ್ತಾಗಲ್ವಲ್ಲ."

ಗೊತ್ತಾಗದಿದ್ದರೆ ಹೇಳಯ್ಯಾ, ಸಿನಿಮಾ ಮಾಡುವುದು ಮತ್ತೇತಕ್ಕೆ? ನಾನು ಕಂಪ್ಯೂಟರಿನಲ್ಲಿ ಹುಟ್ಟಿಸಿದ ಬೆಂಕಿ ಇವನಿಗೆ ನಿಜ, ಅಲ್ಲೇ ಬದುಕಿದ ಹೆಂಗಸು ಸುಳ್ಳು! ಅಳಿಸುವುದಿಲ್ಲ ಎಂದು ಮುಖದ ಮೇಲೆ ಹೊಡೆದಂತೆ ಹೇಳಿದೆ. ಅವನು ಜಗಳಕ್ಕೂ ನಿಲ್ಲದೆ ನನ್ನ ಸ್ಫೋಟವಿದ್ದ ಡಿಸ್ಕ್ ತೆಗೆದುಕೊಂಡು ನಗುತ್ತಲೇ ಹೊರಟ.

ಚಿತ್ರ ಯೂಟ್ಯೂಬಿಗೆ ಬಂದ ದಿನ ಸಾಲಿನವರೆಲ್ಲ ನಮ್ಮ ಜಗುಲಿಯಲ್ಲಿ ಸೇರಿದರು. ನನ್ನ ಸ್ಫೋಟ ಒಂದು ಕಿಡಿಯೂ ಕಡಿಮೆಯಾಗದೆ ಹಾಗೇ ಇತ್ತು. ನಮ್ಮ ಮನೆಯೂ ಇತ್ತು. ಬಾಗಿಲು ಮಾತ್ರ ಖಾಲಿ. ನಿರ್ದೇಶಕ ಬೇರೆ ಯಾರಿಂದಲೋ ಅಮ್ಮನನ್ನು ಅಳಿಸಿಹಾಕಿಸಿದ್ದ. ಬಾಗಿಲಿನ ಕತ್ತಲನ್ನು ಎಳೆದು ಅಮ್ಮನ ಮೇಲೆ ಹೊದಿಸಿದ್ದರು. ನನಗೆ ಫೋನನ್ನು ಗೋಡೆಗೆ ಎಸೆಯುವಷ್ಟು ಕೋಪ ಬಂತು.

ಅಮ್ಮ ಇನ್ನೊಂದು ಸಲ ಹಾಕಿಸಿಕೊಂಡು ನೋಡಿದಳು.

"ಅದು ನಮ್ಮನೇನೇ ಅಲ್ವೇನ್ಲಾ? ನಾನೆಲ್ಲಿ?"

"ನೀನು ಓಡ್ಲಿಲ್ಲ ಅಂತ ತೆಗ್ದಾಕವ್ರೆ ಕಣಮ್ಮ."

ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು.

"ಓಡೋಗಕ್ಕೆ ಆಯ್ತದೇನ್ಲಾ? ನಿಮ್ಮಪ್ಪ ಮೇಲಕ್ ಬಂದ್ಮೇಲೆ, ಸಾಲು ತಿರುಗ್ತಿದ್ದಂಗೆ ಮೊದ್ಲು ನೋಡ್ತಿದ್ದಿದ್ದೇ ಈ ಬಾಗಿಲ್ನ. ಇಲ್ಲಿ ನಾನಿಲ್ದಿದ್ರೆ, ಬದುಕಿ ಬಂದಿವ್ನಿ ಅಂತ ಅವ್ನು ಯಾರಿಗ್ ತೋರಿಸ್ಬೇಕಿತ್ತು?"